ಹಣ ಬೇಕಾಗುವ ದಿನ ಮೊದಲು, ತೆರಿಗೆ ಆಮೇಲೆ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜು ಮುಗಿದು ರೈತನ ಖಾತೆಗೆ ಬಂದ ಹಣ ಅಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಮುಂದಿನ ಬೆಳೆಗೆ ಚಾಕಿ ಹುಳು ತರಬೇಕು, ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ ಹಾಕಬೇಕು, ಸೊಪ್ಪು ಕೊಯ್ದವರಿಗೆ ಕೂಲಿ ಕೊಡಬೇಕು. ಗೌರಿಬಿದನೂರು ಕಡೆಯ ಹಳ್ಳಿಗಳಲ್ಲಿ ಡೇರಿ ಬಟವಾಡೆಯ ಹಣವೂ ಹೀಗೆಯೇ, ಚಿಂತಾಮಣಿಯ ಟೊಮೆಟೊ ಹಣವೂ ಹೀಗೆಯೇ. ತೊಂಡೇಬಾವಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆಯ ಸಂಬಳದವರಿದ್ದಾರೆ, ಬೆಳಗಿನ ರೈಲು ಹತ್ತಿ ದೊಡ್ಡಬಳ್ಳಾಪುರ, ಯಲಹಂಕಕ್ಕೆ ದುಡಿಯಲು ಹೋಗುವವರಿದ್ದಾರೆ. ಅವರ ಕೈಯಲ್ಲಿ ಉಳಿಯುವ ದುಡ್ಡಿಗೂ ಮೂರು ವಾರದಿಂದ ಹೆಚ್ಚೆಂದರೆ ಒಂದು ವರ್ಷದ ಆಯಸ್ಸು. ಜೂನ್ ಬಂದರೆ ಶಾಲೆ ಫೀಸು, ಬೇಸಿಗೆ ಬಂದರೆ ಕೊಳವೆಬಾವಿ, ಮನೆಯಲ್ಲಿ ಮದುವೆ ಗೊತ್ತಾದರೆ ಎಲ್ಲವೂ ಅದಕ್ಕೆ.

ಈ ಅಲ್ಪಾವಧಿಯ ಹಣವನ್ನು ಎಲ್ಲಿ ಇಡಬೇಕು ಎಂದು ಕೇಳಿದರೆ, ಅದರಲ್ಲೂ ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಕೇಳಿದರೆ, ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ತೆರಿಗೆ ಬೀಳದ ಕಡೆ ಇಡಿ.’ ಕೇಳಲು ಹಿತವಾದ ಮಾತು. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಬಹುಪಾಲು ಕುಟುಂಬಗಳಿಗೆ ಇದು ತಪ್ಪು ಜಾಗದಿಂದ ಶುರುವಾಗುವ ಸಲಹೆ. ಅಲ್ಪಾವಧಿಯ ಉಳಿತಾಯದಲ್ಲಿ ಕುಟುಂಬ ಕಳೆದುಕೊಳ್ಳುವ ಹಣದಲ್ಲಿ ತೆರಿಗೆಯ ಪಾಲು ಕಡಿಮೆ. ಹಣ ಯಾವ ತಾರೀಖಿಗೆ ಬಂತು, ಯಾವ ತಾರೀಖಿಗೆ ಹೋಗಬೇಕು, ನಡುವೆ ಅದು ಎಷ್ಟು ಭದ್ರ ಎಂಬುದನ್ನು ನೋಡದೆ ಹೋಗುವುದರಲ್ಲೇ ಹೆಚ್ಚಿನ ನಷ್ಟ.

ಮೊದಲು, ತೆರಿಗೆಯಿಲ್ಲದ ಖಾತೆ ಎಂಬುದು ನಮ್ಮಲ್ಲಿ ನಿಜಕ್ಕೂ ಇದೆಯೇ ಎಂದು ನೋಡಬೇಕು. ಬ್ರಿಟನ್ನಿನಲ್ಲಿ 1999ರಿಂದ ‘ಐಸಾ’ ಎಂಬ ಖಾತೆಯಿದೆ. ವರ್ಷಕ್ಕೆ 20,000 ಪೌಂಡ್‌ವರೆಗೆ ಅದರಲ್ಲಿ ಹಾಕಬಹುದು, ಬಡ್ಡಿಗೆ ತೆರಿಗೆಯಿಲ್ಲ, ಅದರ ನಗದು ಖಾತೆಗಳಲ್ಲಿ ಬಹಳಷ್ಟರಿಂದ ಬೇಕೆಂದಾಗ ಹಣ ತೆಗೆಯಬಹುದು. ಕೆನಡಾ 2009ರಲ್ಲಿ ಅಂಥದ್ದೇ ಖಾತೆ ತಂದಿತು. ತೆರಿಗೆಯೂ ಬೇಡ, ಬೀಗವೂ ಬೇಡ ಎನ್ನುವವರಿಗೆ ಅಲ್ಲಿ ಹೇಳಿ ಮಾಡಿಸಿದ ಜಾಗವಿದೆ. ಭಾರತದಲ್ಲಿ ಅದಿಲ್ಲ. ಇಲ್ಲಿ ಪೂರ್ತಿ ತೆರಿಗೆಯಿಲ್ಲದ ಪಿಪಿಎಫ್‌ಗೆ 15 ವರ್ಷದ ಬೀಗ. ಸುಕನ್ಯಾ ಸಮೃದ್ಧಿ ಹೆಣ್ಣುಮಗುವಿಗೆ 21 ವರ್ಷ ಆಗುವವರೆಗೂ ಕಾಯಿಸುವ ಯೋಜನೆ ಎಂದೇ ಜನ ಬಲ್ಲರು. ಆದರೆ ನಿಜಕ್ಕೂ ಅದರ ಅವಧಿ ಖಾತೆ ತೆರೆದ ದಿನದಿಂದ 21 ವರ್ಷ. ಅಲ್ಪಾವಧಿಗೆ ಒದಗುವ, ಯಾರು ಬೇಕಾದರೂ ತೆರೆಯಬಹುದಾದ ವಿನಾಯಿತಿ ಎಂದರೆ ಅಂಚೆ ಕಚೇರಿಯ ಉಳಿತಾಯ ಖಾತೆ ಒಂದೇ. ಅದಕ್ಕೂ ಮಿತಿಯಿದೆ.

ಅಂಚೆ ಉಳಿತಾಯ ಬ್ಯಾಂಕು ದೇಶದಲ್ಲಿ ಶುರುವಾದದ್ದು 1882ರ ಏಪ್ರಿಲ್ 1ರಂದು. ಹಲವು ವರ್ಷ ಅದರ ಉಳಿತಾಯ ಖಾತೆಯ ಬಡ್ಡಿಗೆ ತೆರಿಗೆಯೇ ಇರಲಿಲ್ಲ. 2011ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಒಬ್ಬರ ಖಾತೆಗೆ ವರ್ಷಕ್ಕೆ 3,500 ರೂಪಾಯಿ, ಜಂಟಿ ಖಾತೆಗೆ 7,000 ರೂಪಾಯಿ ಎಂದು ಗೆರೆ ಎಳೆಯಿತು. ಅದೇ ವರ್ಷ ಡಿಸೆಂಬರ್ 1ರಿಂದ ಬಡ್ಡಿದರ ಶೇ. 3.5ರಿಂದ ಶೇ. 4ಕ್ಕೆ ಏರಿತು. ಅಂದಿನಿಂದ ದರವೂ ಅದೇ, ಗೆರೆಯೂ ಅದೇ. ಲೆಕ್ಕ ಹಾಕಿದರೆ ಒಬ್ಬರ ಖಾತೆಯಲ್ಲಿ ವರ್ಷವಿಡೀ 87,500 ರೂಪಾಯಿ ಇದ್ದರೆ ಬಡ್ಡಿ ಸರಿಯಾಗಿ 3,500. ಗಂಡಹೆಂಡಿರ ಜಂಟಿ ಖಾತೆಯಲ್ಲಿ 1,75,000 ಇದ್ದರೆ 7,000. ಅದರಾಚೆಯ ಬಡ್ಡಿ ಉಳಿದ ಆದಾಯದ ಜೊತೆ ಸೇರುತ್ತದೆ. ಈ ವಿನಾಯಿತಿಯ ಒಳ್ಳೆಯ ಗುಣವೆಂದರೆ ಹೊಸ ತೆರಿಗೆ ಪದ್ಧತಿಯಲ್ಲೂ ಅದು ಸಿಗುತ್ತದೆ. ಬ್ಯಾಂಕ್, ಸಹಕಾರಿ ಬ್ಯಾಂಕ್, ಅಂಚೆ ಉಳಿತಾಯ ಖಾತೆಗಳ ಬಡ್ಡಿಗೆ 10,000 ರೂಪಾಯಿವರೆಗೆ ಸಿಗುವ ಕಡಿತವಾಗಲಿ, ಅರವತ್ತು ದಾಟಿದವರ 50,000ದ ಕಡಿತವಾಗಲಿ ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ಸ್ಟೇಟ್ ಬ್ಯಾಂಕ್ 2025ರ ಜೂನ್ ಮಧ್ಯದಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ಶೇ. 2.5ಕ್ಕೆ ಇಳಿಸಿತು. ಅಂಚೆಯಲ್ಲಿ ಶೇ. 4, ಮೇಲಾಗಿ ತೆರಿಗೆ ವಿನಾಯಿತಿ. ಹಾಗಾದರೆ ಗೂಡಿನ ಹಣ ಅಂಚೆಗೆ ಹಾಕುವುದೇ ಲೇಸಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲೇ ತಾರೀಖಿನ ಲೆಕ್ಕ ಬರುವುದು.

ಬ್ಯಾಂಕುಗಳು 2010ರ ಏಪ್ರಿಲ್‌ನಿಂದ ಪ್ರತಿದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕುತ್ತವೆ. ಹಣ ನಾಲ್ಕು ದಿನ ಇದ್ದರೆ ನಾಲ್ಕು ದಿನದ ಬಡ್ಡಿ. ಅಂಚೆ ಕಚೇರಿ ಹಾಗಲ್ಲ. ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಬಾಕಿ ಯಾವುದೋ ಅದರ ಮೇಲಷ್ಟೇ ಆ ತಿಂಗಳ ಬಡ್ಡಿ. ಏಪ್ರಿಲ್ 12ರಂದು ಗೂಡು ಮಾರಿದ 1,20,000 ರೂಪಾಯಿ ಖಾತೆಗೆ ಬಂತು, ಏಪ್ರಿಲ್ 28ಕ್ಕೆ ಖರ್ಚಿಗೆ ತೆಗೆದರು ಎಂದುಕೊಳ್ಳಿ. ಶೇ. 2.5 ಕೊಡುವ ಬ್ಯಾಂಕಿನಲ್ಲಿ ಆ 16 ದಿನಕ್ಕೆ ಸುಮಾರು 131 ರೂಪಾಯಿ ಸಿಗುತ್ತದೆ. ಶೇ. 4 ಕೊಡುವ ಅಂಚೆಯಲ್ಲಿ ಒಂದು ರೂಪಾಯಿಯೂ ಇಲ್ಲ, ಏಕೆಂದರೆ ಹತ್ತನೇ ತಾರೀಖು ಖಾತೆ ಖಾಲಿಯಿತ್ತು. ಅದೇ ಹಣವನ್ನು ಜೂನ್ 1ರವರೆಗೆ ಇಟ್ಟರೂ ಅಂಚೆಯಲ್ಲಿ ಮೇ ತಿಂಗಳ 400 ರೂಪಾಯಿ ಮಾತ್ರ; ಬ್ಯಾಂಕಿನಲ್ಲಿ 50 ದಿನದ 411. ಜುಲೈ 1ರವರೆಗೆ ಇಟ್ಟರೆ ಆಗ ಅಂಚೆ ಮುಂದಾಗುತ್ತದೆ: ಅಲ್ಲಿ 800, ಬ್ಯಾಂಕಿನಲ್ಲಿ ಸುಮಾರು 657.

ಅಂದರೆ ಹತ್ತರ ನಂತರ ಬಂದು ತಿಂಗಳು ಮುಗಿಯುವುದರೊಳಗೆ ಹೋಗುವ ಹಣಕ್ಕೆ ಅಂಚೆ ಖಾತೆ ಏನನ್ನೂ ಕೊಡುವುದಿಲ್ಲ. ಹತ್ತರೊಳಗೆ ಬಂದು ಮೂರ್ನಾಲ್ಕು ತಿಂಗಳು ನಿಲ್ಲುವ ಹಣಕ್ಕೆ ಚೆನ್ನಾಗಿ ಕೊಡುತ್ತದೆ. ರೇಷ್ಮೆ ಬೆಳೆಗಾರರ ಹಣ ತಿಂಗಳ ಯಾವ ದಿನ ಬರುತ್ತದೆ ಎಂಬುದು ಹುಳು ಹಣ್ಣಾಗುವುದರ ಮೇಲೆ ನಿಂತಿದೆ, ಕ್ಯಾಲೆಂಡರಿನ ಮೇಲಲ್ಲ. ಹಾಲಿನ ಬಟವಾಡೆ ಬಂದ ವಾರವೇ ಹಿಂಡಿ, ಬೂಸಾಕ್ಕೆ ಕರಗುತ್ತದೆ. ಅಂಥ ಮನೆಗೆ ‘ತೆರಿಗೆ ಇಲ್ಲ’ ಎಂದು ಹೇಳಿ ಅಂಚೆಗೆ ಕಳಿಸಿದರೆ ಬಡ್ಡಿಯೂ ಇಲ್ಲದಂತಾಗುತ್ತದೆ. ಪಿಪಿಎಫ್‌ನಲ್ಲೂ ಇಂಥದ್ದೇ ನಿಯಮವಿದೆ, ಅಲ್ಲಿ ಗಡುವು ಐದನೇ ತಾರೀಖು. ಖಾತೆ ತೆರೆಯುವಾಗ ಕೌಂಟರಿನಲ್ಲಿ ಮೊದಲು ಹೇಳಬೇಕಾದ ಸಂಗತಿ ಇದು.

ಇನ್ನು ತೆರಿಗೆಯ ಮಾತು. ಯಾರಿಗೆ ತೆರಿಗೆ ಬೀಳುತ್ತದೆ? 2025-26ರ ಲೆಕ್ಕದಲ್ಲಿ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗೆ ತೆರಿಗೆಯ ಆದಾಯವಿರುವ ನಿವಾಸಿಗಳಿಗೆ ರಿಯಾಯಿತಿಯಿಂದಾಗಿ ಕಟ್ಟಬೇಕಾದ ತೆರಿಗೆ ಸೊನ್ನೆ. ಸಂಬಳದಾರರಿಗೆ 75,000ದ ಪ್ರಮಾಣಿತ ಕಡಿತ ಸೇರಿ ಆ ಗೆರೆ 12.75 ಲಕ್ಷ. ತೊಂಡೇಬಾವಿಯಿಂದ ರೈಲು ಹತ್ತುವ ಎಷ್ಟು ಜನರ ಸಂಬಳ ಇದನ್ನು ದಾಟುತ್ತದೆ? ಈ ಗೆರೆಯ ಒಳಗಿರುವವರಿಗೆ ಯಾವ ಬ್ಯಾಂಕಿನ ಯಾವ ಎಫ್‌ಡಿಯೂ ತೆರಿಗೆಯಿಲ್ಲದ ಖಾತೆಯೇ. ಅವರು 3,500ರ ವಿನಾಯಿತಿಗಾಗಿ ಹೆಚ್ಚು ಬಡ್ಡಿಯ ಅವಕಾಶ ಬಿಡುವುದರಲ್ಲಿ ಅರ್ಥವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು.

ಈ ಭಾಗಕ್ಕೇ ಸೇರಿದ ಒಂದು ತಪ್ಪು ತಿಳಿವಳಿಕೆಯಿದೆ. ‘ನಮ್ಮದು ಬೇಸಾಯದ ಹಣ, ಅದಕ್ಕೆ ತೆರಿಗೆಯಿಲ್ಲ’ ಎಂದು ರೇಷ್ಮೆ ಬೆಳೆಗಾರರೂ ಹೈನುಗಾರರೂ ಹೇಳುತ್ತಾರೆ. ರಾಗಿ, ಜೋಳ, ಟೊಮೆಟೊ, ದ್ರಾಕ್ಷಿಯ ಮಟ್ಟಿಗೆ ಇದು ನಿಜ. ಗೂಡಿನ ಮಟ್ಟಿಗೆ ಅಲ್ಲ. ಹಿಪ್ಪುನೇರಳೆ ಸೊಪ್ಪು ಕೃಷಿ ಉತ್ಪನ್ನ, ಆದರೆ ಅದನ್ನು ತಿಂದ ಹುಳು ಕಟ್ಟಿದ ಗೂಡು ಕೃಷಿ ಉತ್ಪನ್ನವಲ್ಲ ಎಂದು ಕೆ. ಲಕ್ಷ್ಮಣನ್ ಅಂಡ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಹಾಲಿನ ಆದಾಯವೂ ತೆರಿಗೆ ಕಾನೂನಿನ ಕಣ್ಣಿನಲ್ಲಿ ಕೃಷಿ ಆದಾಯವಲ್ಲ. ಇನ್ನು ಶುದ್ಧ ಬೇಸಾಯದ ಹಣವನ್ನೇ ಎಫ್‌ಡಿ ಇಟ್ಟರೂ ಅದರ ಬಡ್ಡಿ ಕೃಷಿ ಆದಾಯವಾಗುವುದಿಲ್ಲ. ಸಣ್ಣ ಹಿಡುವಳಿದಾರರು 12 ಲಕ್ಷದ ಗೆರೆಯ ಹತ್ತಿರವೂ ಸುಳಿಯುವುದಿಲ್ಲವಾದ್ದರಿಂದ ಹೆದರಬೇಕಾದ್ದೇನಿಲ್ಲ. ಆದರೆ ಹತ್ತಾರು ಬೆಳೆ ತೆಗೆಯುವ, ದೊಡ್ಡ ಹುಳುಮನೆಯ ಕುಟುಂಬಗಳು ಇದನ್ನು ತಿಳಿದಿರಲೇಬೇಕು.

ಟಿಡಿಎಸ್ ಬಗ್ಗೆಯೂ ಗೊಂದಲವಿದೆ. ಬ್ಯಾಂಕು ಎಫ್‌ಡಿ ಬಡ್ಡಿ ವರ್ಷಕ್ಕೆ 50,000 ದಾಟಿದಾಗ, ಹಿರಿಯ ನಾಗರಿಕರಿಗೆ ಒಂದು ಲಕ್ಷ ದಾಟಿದಾಗ ಟಿಡಿಎಸ್ ಹಿಡಿಯುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ ಹಿಡಿಯುವುದೇ ಇಲ್ಲ. ಹಿಡಿಯಲಿಲ್ಲ ಎಂದ ಮಾತ್ರಕ್ಕೆ ತೆರಿಗೆ ಇಲ್ಲ ಎಂದಲ್ಲ. ಹಿಡಿದರು ಎಂದ ಮಾತ್ರಕ್ಕೆ ಹೋಯಿತು ಎಂದೂ ಅಲ್ಲ, ತೆರಿಗೆ ಬೀಳದವರು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಹೆಂಡತಿಯ ಹೆಸರಿನಲ್ಲಿ ಇಟ್ಟರೆ ತೆರಿಗೆ ತಪ್ಪುತ್ತದೆ ಎಂಬ ಉಪಾಯವೂ ನಿಲ್ಲದು. ಗಂಡ ಕೊಟ್ಟ ಹಣದ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಡೇರಿಯಲ್ಲಿ ಆಕೆಯೇ ಸದಸ್ಯೆಯಾಗಿ ಹಾಲು ಹಾಕಿ ದುಡಿದದ್ದಾದರೆ ಮಾತು ಬೇರೆ, ಅದು ಆಕೆಯದೇ ಹಣ, ಆಕೆಯದೇ ಬಡ್ಡಿ.

ಎದುರು ವಾದವನ್ನೂ ಕೇಳಬೇಕು. ಹೆಚ್ಚು ಸಂಬಳದವರಿಗಾದರೂ ತೆರಿಗೆಯಿಲ್ಲದ ಖಾತೆ ಲಾಭವಲ್ಲವೇ? ಸೆಸ್ ಸೇರಿ ಶೇ. 31.2 ತೆರಿಗೆ ಕಟ್ಟುವವರನ್ನೇ ನೋಡಿ. ಅಂಚೆಯ 3,500ರ ವಿನಾಯಿತಿ ಅವರಿಗೆ ವರ್ಷಕ್ಕೆ 1,092 ರೂಪಾಯಿ ಉಳಿಸುತ್ತದೆ. ಅದೇ ಅಂಚೆಯಲ್ಲಿ ಒಂದು ವರ್ಷದ ಟೈಮ್ ಡಿಪಾಸಿಟ್‌ಗೆ 2025ರಲ್ಲಿ ಶೇ. 6.9 ಬಡ್ಡಿಯಿತ್ತು. ಅದಕ್ಕೆ ಪೂರ್ತಿ ತೆರಿಗೆ ಕಟ್ಟಿದ ಮೇಲೂ ಕೈಗೆ ಉಳಿಯುವುದು ಸುಮಾರು ಶೇ. 4.75. ತೆರಿಗೆಯಿಲ್ಲದ ಶೇ. 4ಕ್ಕಿಂತ ತೆರಿಗೆ ಕಟ್ಟಿದ ಶೇ. 4.75 ಹೆಚ್ಚು. ವರ್ಷವಿಡೀ ಬೇಡದ ಹಣವಾದರೆ ಶ್ರೀಮಂತರಿಗೂ ವಿನಾಯಿತಿ ಖಾತೆ ಸೋಲುತ್ತದೆ.

ವಿನಾಯಿತಿ ನಿಜಕ್ಕೂ ಬೆಲೆ ಬಾಳುವುದು ಇನ್ನೊಂದು ಜಾಗದಲ್ಲಿ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕಡಿತಗಳೆಲ್ಲ ಹೋಗಿ ಆದಾಯ ಸರಿಯಾಗಿ 12 ಲಕ್ಷಕ್ಕೆ ಬಂದು ನಿಂತ ಉದ್ಯೋಗಿಯನ್ನು ಊಹಿಸಿಕೊಳ್ಳಿ. ಎಫ್‌ಡಿಯಿಂದ 7,000 ರೂಪಾಯಿ ಬಡ್ಡಿ ಬಂದರೆ ಗೆರೆ ದಾಟಿತು. ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಹಾಕಬಾರದು ಎಂಬ ಅಂಚಿನ ಪರಿಹಾರ ಇರುವುದರಿಂದ 60,000ದಷ್ಟು ತೆರಿಗೆಯೇನೂ ಬೀಳದು. ಆದರೆ ಆ 7,000 ಪೂರ್ತಿ ತೆರಿಗೆಗೇ ಹೋಗುತ್ತದೆ, ಮೇಲೆ ಶೇ. 4 ಸೆಸ್ ಬೇರೆ. ಇದೇ ಬಡ್ಡಿ ಅಂಚೆಯ ಜಂಟಿ ಉಳಿತಾಯ ಖಾತೆಯಿಂದ ವಿನಾಯಿತಿಯೊಳಗೆ ಬಂದರೆ ಆದಾಯಕ್ಕೇ ಸೇರುವುದಿಲ್ಲ. 12 ಲಕ್ಷದ ಅಂಚಿನಲ್ಲಿರುವವರಿಗೆ ಶೇ. 6.9ರ ಠೇವಣಿಗಿಂತ ಶೇ. 4ರ ಖಾತೆ ಮೇಲು. ಒಬ್ಬರಿಗೆ ಸರಿಯಾದ ಸಲಹೆ ಪಕ್ಕದ ಮನೆಯವರಿಗೆ ತಪ್ಪಾಗುವುದು ಹೀಗೆ.

ಮಾರ್ಚ್ ತಿಂಗಳಲ್ಲಿ ಆಗುವ ಹೆಚ್ಚಿನ ಅನಾಹುತ ಹೆಸರುಗಳಿಂದ ಆಗುವುದು. ‘ಟ್ಯಾಕ್ಸ್ ಸೇವರ್ ಎಫ್‌ಡಿ’ ಎಂದು ಮಾರುವ ಠೇವಣಿಗೆ ಐದು ವರ್ಷದ ಬೀಗವಿದೆ, ಹಾಕಿದ ಹಣಕ್ಕೆ ಕಡಿತ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ, ಬರುವ ಬಡ್ಡಿಗಂತೂ ಎರಡೂ ಪದ್ಧತಿಯಲ್ಲಿ ತೆರಿಗೆಯಿದೆ. ಶೇ. 7.5 ಕೊಟ್ಟು 2025ರ ಮಾರ್ಚ್ 31ಕ್ಕೆ ಮುಗಿದ ಮಹಿಳಾ ಸಮ್ಮಾನ್ ಉಳಿತಾಯ ಪತ್ರ ಎರಡು ವರ್ಷಕ್ಕೆ ಒಳ್ಳೆಯ ಯೋಜನೆಯಾಗಿತ್ತು, ಆದರೆ ಅದರ ಬಡ್ಡಿಯೂ ತೆರಿಗೆಗೆ ಒಳಪಟ್ಟದ್ದೇ. ಪಿಪಿಎಫ್ ಒಳ್ಳೆಯದು, ಶೇ. 7.1 ಬಡ್ಡಿ, ಪೂರ್ತಿ ತೆರಿಗೆಮುಕ್ತ. ಆದರೆ ಭಾಗಶಃ ತೆಗೆಯಲು ಏಳನೇ ವರ್ಷ ಬರಬೇಕು. ಬರುವ ಬೇಸಿಗೆಗೆ ಕೊಳವೆಬಾವಿ ಕೊರೆಸಬೇಕಾದ ಹಣವನ್ನು ಅಲ್ಲಿ ಹಾಕಿ, ಬೇಸಿಗೆ ಬಂದಾಗ ಕೈಸಾಲ ಮಾಡುವ ಮನೆಯಲ್ಲಿ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 24. ಶೇ. 7.1ರ ತೆರಿಗೆಮುಕ್ತ ಲಾಭ ಅದರ ಮುಂದೆ ಯಾವ ಲೆಕ್ಕ? ಒಂದು ಗುಂಪಿಗೆ ಮಾತ್ರ ಪಿಪಿಎಫ್ ಅಲ್ಪಾವಧಿಗೂ ಒದಗುತ್ತದೆ. ಖಾತೆಗೆ 15 ವರ್ಷ ತುಂಬಿಸಿ ಮುಂದುವರಿಸಿದವರು ಹೊಸದಾಗಿ ಹಣ ಕಟ್ಟದಿದ್ದರೆ ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು, ಉಳಿದದ್ದಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ. ಐಸಾಗೆ ಹತ್ತಿರ ಬರುವ ಖಾತೆ ನಮ್ಮಲ್ಲಿ ಇದೊಂದೇ. ನಿವೃತ್ತ ಶಿಕ್ಷಕರು, ಕಾರ್ಖಾನೆಯ ಹಳೆಯ ನೌಕರರು ಅದನ್ನು ಅವಸರದಲ್ಲಿ ಮುಚ್ಚಿಬಿಡುವುದು ನೋವಿನ ಸಂಗತಿ.

ಹಣ ಬೇಕಾದ ದಿನ ಸಿಗುವುದು ಎಂದರೆ ಅದರಲ್ಲಿ ಭದ್ರತೆಯೂ ಸೇರಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದಾಗ ಈ ಸೀಮೆಯ ಪಾಸ್‌ಬುಕ್ಕುಗಳ ಹೆಸರು ಬದಲಾಯಿತೇ ಹೊರತು ಯಾರ ಹಣವೂ ನಿಲ್ಲಲಿಲ್ಲ. ಎಲ್ಲ ಕಡೆ ಹಾಗಾಗುವುದಿಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾದ ಮೊತ್ತ 35,000 ರೂಪಾಯಿಗೆ ಇಳಿಯಿತು. ಮದುವೆಗೆ, ಆಪರೇಷನ್ನಿಗೆ ಎಂದು ಇಟ್ಟಿದ್ದವರ ಪಾಲಿಗೆ ಅಲ್ಪಾವಧಿ ಎಂಬುದು ರಾತ್ರೋರಾತ್ರಿ ಮುಗಿಯದ ಕಾಯುವಿಕೆಯಾಯಿತು. ಮರು ತಿಂಗಳೇ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಸಿಗಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಈ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕಾಗಲಿ, ಹತ್ತು ಜನ ಸೇರಿ ನಡೆಸುವ ಚೀಟಿಗಾಗಲಿ ಇಲ್ಲ. ಅಂಚೆ ಉಳಿತಾಯಕ್ಕೆ ಕೇಂದ್ರ ಸರ್ಕಾರವೇ ಹೊಣೆ. ಸೊಸೈಟಿಯ ಬಡ್ಡಿಗೆ ಸದಸ್ಯರಿಂದ ಟಿಡಿಎಸ್ ಹಿಡಿಯುವುದಿಲ್ಲ ಎಂಬುದನ್ನೇ ದೊಡ್ಡದು ಮಾಡಿ ಅಲ್ಲಿ ಲಕ್ಷಗಟ್ಟಲೆ ಇಡುವವರು ಈ ವ್ಯತ್ಯಾಸವನ್ನು ತೂಗಿ ನೋಡಬೇಕು.

ದುಬೈಗೋ ಅಮೆರಿಕಕ್ಕೋ ಹೋದ ಮಕ್ಕಳಿರುವ ಮನೆಗಳಿಗೆ ಇನ್ನೊಂದು ತೆರಿಗೆಮುಕ್ತ ಖಾತೆಯ ಪರಿಚಯವಿದೆ: ಎನ್‌ಆರ್‌ಇ. ಅನಿವಾಸಿಗಳಿಗೆ ಅದರ ಬಡ್ಡಿ ಭಾರತದಲ್ಲಿ ಪೂರ್ತಿ ಮುಕ್ತ. ಇಲ್ಲೂ ಅವಧಿಯೇ ನಿರ್ಣಾಯಕ. ಎನ್‌ಆರ್‌ಇ ಠೇವಣಿಗೆ ಕನಿಷ್ಠ ಒಂದು ವರ್ಷ ತುಂಬಬೇಕು, ಮೊದಲೇ ಮುರಿದರೆ ಬಡ್ಡಿಯೇ ಇಲ್ಲ. ಆರು ತಿಂಗಳಲ್ಲಿ ಊರಿನ ಮನೆ ಕೆಲಸಕ್ಕೆ ಬೇಕಾದ ಹಣವನ್ನು ಅಲ್ಲಿ ಕಟ್ಟಿಹಾಕಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ನೆಲೆಸಿದವರು ಆ ಬಡ್ಡಿಯನ್ನು ಅಲ್ಲಿನ ಲೆಕ್ಕದಲ್ಲಿ ತೋರಿಸಿ ತೆರಿಗೆ ಕಟ್ಟಬೇಕು. ಊರಿಗೇ ಮರಳಿ ನೆಲೆಸಿದವರು ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು.

ಹಾಗಾದರೆ ಈ ಸೀಮೆಯ ಮನೆಯೊಂದು ಏನು ಮಾಡಬಹುದು? ಬಂದ ತಿಂಗಳೇ ಹೋಗುವ ಹಣ ದಿನದ ಬಾಕಿಗೆ ಬಡ್ಡಿ ಕೊಡುವ ಬ್ಯಾಂಕಿನಲ್ಲೇ ಇರಲಿ. ಮೂರ್ನಾಲ್ಕು ತಿಂಗಳು ನಿಲ್ಲುವ ಹಣವನ್ನು ಒಂದೋ ಹತ್ತನೇ ತಾರೀಖಿನೊಳಗೆ ಅಂಚೆಗೆ ಹಾಕಬೇಕು, ಇಲ್ಲವೇ ಬೇಕಾದ ದಿನಕ್ಕೆ ಸರಿಯಾಗಿ ಮುಗಿಯುವ ಬ್ಯಾಂಕ್ ಠೇವಣಿ ಮಾಡಬೇಕು. ಬ್ಯಾಂಕಿನಲ್ಲಿ ಏಳು ದಿನದಿಂದಲೇ ಠೇವಣಿ ಸಿಗುತ್ತದೆ. ವರ್ಷಪೂರ್ತಿ ಮುಟ್ಟುವುದಿಲ್ಲ ಎಂಬ ಧೈರ್ಯವಿದ್ದರಷ್ಟೇ ಅಂಚೆಯ ಟೈಮ್ ಡಿಪಾಸಿಟ್. ಅದನ್ನು ಆರು ತಿಂಗಳಿಗೆ ಮೊದಲು ತೆಗೆಯಲಾಗದು, ಆರರಿಂದ ಹನ್ನೆರಡು ತಿಂಗಳ ನಡುವೆ ತೆಗೆದರೆ ಉಳಿತಾಯ ಖಾತೆಯ ಶೇ. 4 ಮಾತ್ರ. ಒಂದು ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡುವ ಬದಲು ನಾಲ್ಕು ಇಪ್ಪತ್ತೈದು ಸಾವಿರ ಮಾಡಿದರೆ ಆಸ್ಪತ್ರೆ ಖರ್ಚು ಬಂದ ದಿನ ಒಂದನ್ನು ಮುರಿದರೆ ಸಾಕು, ಉಳಿದ ಮೂರು ಬೆಳೆಯುತ್ತಿರುತ್ತವೆ.

ಮನೆಯವರು ಇಷ್ಟು ಲೆಕ್ಕ ಹಾಕಿದ ಮೇಲೂ ಸರ್ಕಾರ ಮಾಡಬೇಕಾದದ್ದು ಉಳಿದಿದೆ. 2011ರ 3,500 ರೂಪಾಯಿಗೆ ಅಂದು ಇದ್ದ ಬೆಲೆ ಇಂದಿಲ್ಲ. ಆ ಗೆರೆಯನ್ನು ಇಷ್ಟು ವರ್ಷ ಮುಟ್ಟದೆ ಬಿಟ್ಟಿರುವುದಕ್ಕೆ ಸಮರ್ಥನೆ ಕಾಣದು. ಅದಕ್ಕಿಂತ ಮುಖ್ಯವಾದದ್ದು ಹತ್ತನೇ ತಾರೀಖಿನ ನಿಯಮ. ಅಂಚೆ ಇಲಾಖೆ ಈಗ ಕೋರ್ ಬ್ಯಾಂಕಿಂಗ್‌ಗೆ ಬಂದಿದೆ, ಎಟಿಎಂ ಕಾರ್ಡು ಕೊಡುತ್ತದೆ, ಇಂಟರ್ನೆಟ್ ಬ್ಯಾಂಕಿಂಗ್ ಕೊಡುತ್ತದೆ. ಕೈಬರಹದ ಲೆಡ್ಜರಿನ ಕಾಲಕ್ಕೆ ಒಪ್ಪುತ್ತಿದ್ದ ಲೆಕ್ಕವನ್ನು ಕಂಪ್ಯೂಟರಿನ ಮೇಲೂ ಮುಂದುವರಿಸುವುದರಿಂದ ನಷ್ಟವಾಗುವುದು ತಿಂಗಳ ನಡುವೆ ಹಣ ಬರುವ ರೈತರಿಗೆ, ಕೂಲಿಯವರಿಗೆ. ಬ್ಯಾಂಕುಗಳು 2010ರಲ್ಲೇ ಕೈಬಿಟ್ಟ ಈ ಪದ್ಧತಿಯನ್ನು ಅಂಚೆಯೂ ಕೈಬಿಟ್ಟರೆ, ಮೇಲಿನ ಲೆಕ್ಕದ ಆ 1,20,000 ರೂಪಾಯಿಗೆ ಏಪ್ರಿಲ್‌ನ 16 ದಿನದಲ್ಲಿ ಸುಮಾರು 210 ರೂಪಾಯಿ ಬಡ್ಡಿ ಬರುತ್ತದೆ, ಅದೂ ತೆರಿಗೆಯಿಲ್ಲದೆ.